ಕೊಟ್ಟಿಗೆಯ ಪಕ್ಕದಲ್ಲೊಂದು ಹಸಿರು ಚಾಪೆ

ಎಂಟನೇ ದಿನ ಬೆಳಿಗ್ಗೆ ಟ್ರೇಯನ್ನು ಬೋರಲು ಹಾಕಿದರೆ ಮೇವು ಚೆಲ್ಲಾಪಿಲ್ಲಿಯಾಗುವುದಿಲ್ಲ. ಹೆಣೆದ ಚಾಪೆಯಂತೆ ಒಂದೇ ತುಂಡಾಗಿ ಕೈಗೆ ಬರುತ್ತದೆ. ಮೇಲೆ ಗೇಣುದ್ದದ ಮುಸುಕಿನ ಜೋಳದ ಪೈರು, ನಡುವೆ ಬಿರಿದ ಕಾಳುಗಳ ಪದರ, ತಳದಲ್ಲಿ ಒಂದಕ್ಕೊಂದು ಹೊಸೆದುಕೊಂಡ ಬಿಳಿ ಬೇರು. ಹುಡುಕಿದರೂ ಮಣ್ಣಿನ ಕಣ ಸಿಗದು. ಚಾಪೆಯನ್ನು ಸುರುಳಿ ಸುತ್ತಿ ಗೋದಲಿಗೆ ಹಾಕಿದರೆ ಹಸು ಎಲೆ, ಕಾಳು, ಬೇರು ಒಂದನ್ನೂ ಬಿಡದೆ ಮೇಯುತ್ತದೆ. ಬೇಸಿಗೆಯ ನಡುವೆ, ಹೊಲದ ಬದುಗಳೆಲ್ಲ ಒಣಗಿ ಬೂದಿಬಣ್ಣಕ್ಕೆ ತಿರುಗಿದಾಗ, ಹಸುವಿನ ಬಾಯಲ್ಲಿ ಈ ಹಸಿರು ಕಂಡರೆ ಯಾವ ರೈತನಿಗಾದರೂ ಒಂದು ಗಳಿಗೆ ನಿಂತು ನೋಡಬೇಕೆನಿಸುತ್ತದೆ.

ಹೈಡ್ರೋಪೋನಿಕ್ಸ್ ಎಂದೊಡನೆ ಮನಸ್ಸಿಗೆ ಬರುವ ಚಿತ್ರವೇ ಬೇರೆ. ನಗರದ ಹೊರವಲಯದ ಪಾಲಿಹೌಸ್, ಸಾಲುಸಾಲು ಬಿಳಿ ಪೈಪು, ಅವುಗಳ ತೂತಿನಿಂದ ಇಣುಕುವ ಲೆಟ್ಯೂಸ್, ಕೈಗವಸು ತೊಟ್ಟ ಕೆಲಸಗಾರರು. ಅದು ಬಂಡವಾಳ ಉಳ್ಳವರ ಉದ್ಯಮ. ರಾಗಿ, ಅವರೆ, ಎರಡು ಮೂರು ಹಸು, ಮನೆ ಹಿಂದೆ ನಾಲ್ಕು ತೆಂಗಿನ ಮರ ಇರುವ ಕೋಲಾರದ ಅಥವಾ ತುಮಕೂರಿನ ಸಾಮಾನ್ಯ ಜಮೀನಿನಲ್ಲಿ ಇದಕ್ಕೇನು ಕೆಲಸ ಎಂಬ ಪ್ರಶ್ನೆ ಸಹಜ. ಕೆಲಸ ಇದೆ, ಆದರೆ ಒಂದು ಮೂಲೆಯಷ್ಟು ಮಾತ್ರ. ಆ ಮೂಲೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಸಾಲ ಮಾಡುವ ಮೊದಲೇ ತಕ್ಕಡಿ ಹಿಡಿದು ತಿಳಿದುಕೊಳ್ಳಬೇಕು.

ಮಣ್ಣಿಲ್ಲದೆ ಗಿಡ ಬೆಳೆಸುವುದು ನಮ್ಮವರಿಗೆ ಅಪರಿಚಿತ ವಿದ್ಯೆಯೇನಲ್ಲ. ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟು ಮೊಳಕೆ ಸಾರು ಮಾಡುವ ಮನೆಯಲ್ಲಿ ಜೋಳದ ಮೇವಿನ ಮೊದಲ ಮೂರು ದಿನದ ಪಾಠ ಆಗಲೇ ಮುಗಿದಿದೆ. ಕಾಳು ಎಷ್ಟು ಹೊತ್ತು ನೆನೆಯಬೇಕು, ನೀರು ನಿಂತರೆ ಏಕೆ ಹಳಸುತ್ತದೆ, ಗಂಟನ್ನು ಬಿಸಿಲಿಗೆ ಇಟ್ಟರೆ ಏನಾಗುತ್ತದೆ, ಇವೆಲ್ಲ ಅಡುಗೆಮನೆಯಲ್ಲಿ ಗೊತ್ತಿರುವ ಸಂಗತಿಗಳು. ಫಿಲಿಪ್ಪೀನ್ಸಿನ ರೈತರು ಭತ್ತದ ಸಸಿಯನ್ನೇ ಈ ರೀತಿ ಬೆಳೆಸುತ್ತಿದ್ದರು. ‘ಡಪೋಗ್’ ಎಂಬ ಆ ಪದ್ಧತಿಯಲ್ಲಿ ಬಾಳೆ ಎಲೆಯ ಮೇಲೆ ಮೊಳಕೆ ಭತ್ತವನ್ನು ಒತ್ತಾಗಿ ಹರಡಿ, ನೀರು ಚಿಮುಕಿಸುತ್ತಾ, ಎರಡು ವಾರದೊಳಗೆ ಸಸಿಯ ಚಾಪೆಯನ್ನು ಸುತ್ತಿ ಗದ್ದೆಗೆ ಒಯ್ಯುತ್ತಾರೆ. ಸಸಿ ಅಷ್ಟು ದಿನವೂ ಬದುಕುವುದು ಕಾಳಿನೊಳಗಿನ ಸಂಗ್ರಹದ ಮೇಲೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋದವರಿಗೆ ಇನ್ನೊಂದು ನಿದರ್ಶನ ರಸ್ತೆ ಬದಿಯಲ್ಲೇ ಕಾಣುತ್ತದೆ. ನೆರಳು ಪರದೆಯ ಕೆಳಗೆ ಸಾಲಾಗಿ ಜೋಡಿಸಿದ ಕಪ್ಪು ಪ್ರೋಟ್ರೇಗಳು, ಒಂದೊಂದರಲ್ಲೂ 98 ಗುಳಿ, ಗುಳಿಗೊಂದು ಟೊಮೆಟೊ ಅಥವಾ ಮೆಣಸಿನ ಸಸಿ. ಆ ಗುಳಿಗಳಲ್ಲಿರುವುದು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪಿಟ್. ಕರ್ನಾಟಕದಲ್ಲಿ ಮಣ್ಣುರಹಿತ ಕೃಷಿಯ ಅತ್ಯಂತ ಯಶಸ್ವೀ ರೂಪ ಯಾವುದು ಎಂದು ಕೇಳಿದರೆ ಬೆರಳು ತೋರಿಸಬೇಕಾದದ್ದು ಇದೇ ಸಸಿ ನರ್ಸರಿಗಳ ಕಡೆಗೆ. ಟೊಮೆಟೊ ಬೆಳೆಯುವ ರೈತ ಮಡಿ ಮಾಡಿ ಬೀಜ ಚೆಲ್ಲುವುದನ್ನು ಬಿಟ್ಟು ಟ್ರೇ ಸಸಿ ತರುವುದಕ್ಕೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ದುಬಾರಿ ಹೈಬ್ರಿಡ್ ಬೀಜ ಒಂದೂ ಹಾಳಾಗಬಾರದು, ಸಸಿಗೆ ಮಣ್ಣಿನ ರೋಗ ತಗುಲಬಾರದು, ನೆಟ್ಟ ಮೇಲೆ ಬಾಡಬಾರದು. ಈ ಮೂರು ಲಾಭ ಕಣ್ಣಿಗೆ ಕಂಡವು, ಪದ್ಧತಿ ತಾನಾಗಿ ಹಬ್ಬಿತು.

ವಿಜ್ಞಾನದ ಕಡೆಯಿಂದ ಈ ಕತೆ 1699ಕ್ಕೆ ಹೋಗುತ್ತದೆ. ಆ ವರ್ಷ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ತಮ್ಮ ಪುದೀನದ ಪ್ರಯೋಗಗಳನ್ನು ಪ್ರಕಟಿಸಿದರು. ಮಳೆನೀರು, ಥೇಮ್ಸ್ ನದಿಯ ನೀರು, ಮಣ್ಣು ಕದಡಿದ ನೀರು ಹೀಗೆ ಬೇರೆ ಬೇರೆ ನೀರಿನಲ್ಲಿ ಗಿಡ ಬೆಳೆಸಿ ನೋಡಿದಾಗ, ನೀರು ಕದಡಿದಷ್ಟೂ ಗಿಡ ಸೊಂಪಾಗಿತ್ತು. ಗಿಡಕ್ಕೆ ಬರೀ ನೀರು ಸಾಲದು, ಅದರಲ್ಲಿ ಕರಗಿದ ಏನೋ ಬೇಕು ಎಂಬುದು ಗೊತ್ತಾಯಿತು. ಆ ‘ಏನೋ’ ಯಾವ ಯಾವ ಲವಣ ಎಂಬುದನ್ನು 1860ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನಾಪ್ ಬಿಡಿಸಿ ತೋರಿಸಿದರು. ಪ್ರಯೋಗಾಲಯದ ಈ ವಿದ್ಯೆಯನ್ನು ಬೆಳೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್. 1929ರಲ್ಲಿ ಅವರು ನೀರಿನಲ್ಲೇ ಬೆಳೆ ತೆಗೆಯಬಹುದು ಎಂದರು. ಏಣಿ ಹಾಕಿ ಹಣ್ಣು ಕೀಳಬೇಕಾದಷ್ಟು ಎತ್ತರ, ಸುಮಾರು 25 ಅಡಿ, ಟೊಮೆಟೊ ಬಳ್ಳಿ ಬೆಳೆಸಿ ತೋರಿಸಿದರು. 1937ರಲ್ಲಿ ಹೈಡ್ರೋಪೋನಿಕ್ಸ್ ಎಂಬ ಹೆಸರು ಅಚ್ಚಿಗೆ ಬಂತು.

ಪತ್ರಿಕೆಗಳು ಹುಚ್ಚೆದ್ದು ಬರೆದವು. ಇನ್ನು ಮಣ್ಣೇ ಬೇಡ, ಮಹಡಿ ಮೇಲೆ ಊರಿಗಾಗುವಷ್ಟು ತರಕಾರಿ ಎಂಬ ಮಾತು ಹಬ್ಬಿತು. ಆಗ ಅದೇ ವಿಶ್ವವಿದ್ಯಾಲಯದ ಡೆನಿಸ್ ಹೋಗ್ಲಂಡ್ ಮತ್ತು ಡೇನಿಯಲ್ ಆರ್ನನ್ ನಿಧಾನವಾಗಿ ಕುಳಿತು ಪರೀಕ್ಷೆ ಮಾಡಿದರು. 1938ರಲ್ಲಿ ಬಂದ ಅವರ ಪುಸ್ತಿಕೆಯ ತೀರ್ಮಾನವನ್ನು ಇವತ್ತಿನ ಪ್ರತಿಯೊಬ್ಬ ಹೊಸಬರೂ ಓದಬೇಕು: ಒಂದೇ ಬೆಳಕು, ಒಂದೇ ಹವೆ, ಒಂದೇ ಆರೈಕೆ ಇದ್ದರೆ ಒಳ್ಳೆಯ ಮಣ್ಣಿನ ಇಳುವರಿಗೂ ಪೋಷಕ ದ್ರಾವಣದ ಇಳುವರಿಗೂ ಹೇಳಿಕೊಳ್ಳುವಂಥ ಅಂತರ ಇಲ್ಲ. ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪೋಷಕ ದ್ರಾವಣದ ಒಂದು ಪಾಕಸೂತ್ರಕ್ಕೆ ಹೋಗ್ಲಂಡ್ ಅವರ ಹೆಸರೇ ಇದೆ. ಪಾಕಸೂತ್ರ ಬರೆದವರೇ ಅದನ್ನು ಪವಾಡ ಎಂದು ಕರೆಯಲಿಲ್ಲ.

ಭಾರತಕ್ಕೂ ಈ ವಿದ್ಯೆ ಬೇಗನೆ ಬಂತು. 1946ರಲ್ಲಿ ಜೇಮ್ಸ್ ಶೋಲ್ಟೊ ಡಗ್ಲಸ್ ಬಂಗಾಳದ ಕಾಲಿಂಪೊಂಗ್‌ನಲ್ಲಿ ಪ್ರಯೋಗ ಶುರುಮಾಡಿದರು. ಪಂಪು, ತೊಟ್ಟಿ, ಮೀಟರು ಯಾವುದೂ ಬಡವರ ಕೈಗೆ ಎಟುಕದು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ಜಲ್ಲಿ ಮತ್ತು ಕಲ್ಲಿನ ಪುಡಿ ಬೆರೆಸಿ ಪಾತಿ ಮಾಡಿ, ಸಾಲಿನ ನಡುವೆ ಒಣ ಲವಣ ಉದುರಿಸಿ, ಮೇಲೆ ನೀರು ಹಾಕುವ ಸರಳ ದಾರಿ ಹುಡುಕಿದರು. ‘ಬಂಗಾಳ ಪದ್ಧತಿ’ ಎಂಬ ಹೆಸರಿನಿಂದ ಅದು ಹೊರದೇಶಗಳಲ್ಲೂ ಹೆಸರಾಯಿತು. ನಮ್ಮ ನೆಲದಲ್ಲಿ ನಡೆದ ಈ ಕೆಲಸ ನಮ್ಮವರಿಗೇ ಮರೆತುಹೋದದ್ದು ಬೇಸರದ ಸಂಗತಿ. ಕಡಿಮೆ ಖರ್ಚಿನ ಮಾದರಿ ಬೇಕು ಎಂದು ಇವತ್ತು ಹುಡುಕುವವರು ಎಂಟು ದಶಕದ ಹಿಂದಿನ ಈ ಪಾತಿಯಿಂದ ಕಲಿಯುವುದು ಬಹಳಷ್ಟಿದೆ.

ಮತ್ತೆ ಕೊಟ್ಟಿಗೆಗೆ ಬರೋಣ. ಮೂರು ಹಸುವಿನ ಒಂದು ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹಸುವೊಂದಕ್ಕೆ ದಿನಕ್ಕೆ 5 ಕಿಲೋ ಜೋಳದ ಚಾಪೆ, ಒಟ್ಟು 15 ಕಿಲೋ. ಒಂದು ಕಿಲೋ ಕಾಳಿನಿಂದ ಏಳೆಂಟು ದಿನಕ್ಕೆ 5 ಕಿಲೋ ಹಸಿ ಮೇವು ಎಂದರೆ ದಿನಕ್ಕೆ 3 ಕಿಲೋ ಕಾಳು ಬೇಕು. ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಟ್ರೇಯಲ್ಲಿ ಸುಮಾರು ಒಂದೂವರೆ ಕಿಲೋ ಕಾಳು ಹಿಡಿಯುತ್ತದೆ. ದಿನಕ್ಕೆ ಎರಡು ಟ್ರೇ, ಎಂಟು ದಿನದ ಸರದಿಗೆ ಹದಿನಾರು. ಬಿದಿರಿನ ನಾಲ್ಕು ಅಂತಸ್ತಿನ ಅಟ್ಟಣೆ, ಸುತ್ತ ನೆರಳು ಪರದೆ, ತಳದಲ್ಲಿ ನೀರು ಬಸಿಯಲು ಇಳಿಜಾರು. ಕೊಟ್ಟಿಗೆಯ ಉತ್ತರದ ಗೋಡೆಗೆ ಒತ್ತಿದಂತೆ ಇಷ್ಟು ಜಾಗ ಎಲ್ಲರ ಮನೆಯಲ್ಲೂ ಸಿಗುತ್ತದೆ.

ಹಳೆ ಗೋವಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಕೇಂದ್ರದವರು ಹಾಲಿನ ಹಸುಗಳಿಗೆ ಈ ಮೇವು ಬೆಳೆದು, ಉಣಿಸಿ, ಅಳೆದು ನೋಡಿದ್ದಾರೆ. ಅವರ ಲೆಕ್ಕದಲ್ಲಿ ಒಂದು ಕಿಲೋ ಹಸಿ ಮೇವಿಗೆ ನೀರು ಮರುಬಳಕೆ ಮಾಡಿದರೆ ಒಂದೂವರೆ ಲೀಟರ್, ಹರಿದುಹೋಗಲು ಬಿಟ್ಟರೆ 3 ಲೀಟರ್ ನೀರು ಸಾಕು. ಅಂದರೆ ಮೂರು ಹಸುವಿನ ಮನೆಗೆ ದಿನಕ್ಕೆ ಎರಡು ಮೂರು ಕೊಡ. ಬೋರ್‌ವೆಲ್ ಸಾವಿರ ಅಡಿ ದಾಟಿಯೂ ಕೈಕೊಡುವ ಕೋಲಾರದಂಥ ಜಿಲ್ಲೆಯಲ್ಲಿ ಈ ಸಂಖ್ಯೆ ಕೇಳಿದರೆ ಕಿವಿ ನೆಟ್ಟಗಾಗದೆ ಇರದು. ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಸೇರಿಸಬೇಕು: ಆ ಕಾಳು ದಾವಣಗೆರೆಯ ಅಥವಾ ಹಾವೇರಿಯ ಯಾವುದೋ ಹೊಲದಲ್ಲಿ ಮಳೆಯನ್ನೋ ಕಾಲುವೆಯನ್ನೋ ಕುಡಿದೇ ಬೆಳೆದಿದೆ. ಆ ನೀರು ಈ ಲೆಕ್ಕದಲ್ಲಿಲ್ಲ.

ಲೆಕ್ಕದಲ್ಲಿ ಇಲ್ಲದ್ದು ಇನ್ನೊಂದಿದೆ, ಅದೇ ಮುಖ್ಯ. ಮೂರು ಕಿಲೋ ಒಣ ಜೋಳದಲ್ಲಿ ತೇವ ಕಳೆದು ಸುಮಾರು 2.7 ಕಿಲೋ ಒಣಪದಾರ್ಥ ಇರುತ್ತದೆ. ಅದರಿಂದ ಬಂದ 15 ಕಿಲೋ ಹಸಿರು ಚಾಪೆಯಲ್ಲಿ ಒಣಪದಾರ್ಥ ನೂರಕ್ಕೆ ಹದಿಮೂರು ಹದಿನಾಲ್ಕರಷ್ಟು, ಅಂದರೆ 2 ಕಿಲೋ ಆಸುಪಾಸು. ಉಳಿದದ್ದು ನೀರು. ಹೆಚ್ಚಾಗುವುದಿರಲಿ, ಮುಕ್ಕಾಲು ಕಿಲೋದಷ್ಟು ಸತ್ವ ಕರಗಿಹೋಯಿತು. ಮೊಳಕೆ ಉಸಿರಾಡುವಾಗ ಕಾಳಿನ ಹಿಟ್ಟನ್ನೇ ಉರಿಸುತ್ತದೆ, ಎಂಟು ದಿನದ ಎಳೆಯ ಎಲೆ ಬಿಸಿಲಿನಿಂದ ಅಷ್ಟನ್ನು ತುಂಬಿಕೊಡಲಾರದು. ‘ಒಂದು ಕಿಲೋಗೆ ಎಂಟು ಕಿಲೋ, ಹತ್ತು ಕಿಲೋ’ ಎಂದು ಯಂತ್ರ ಮಾರುವವರು ಹೇಳುವಾಗ ತೂಗುವುದು ನೀರನ್ನು. ನಾನೂರು ಕಿಲೋ ತೂಕದ ಹಸುವಿಗೆ ದಿನಕ್ಕೆ 10ರಿಂದ 12 ಕಿಲೋ ಒಣಪದಾರ್ಥ ಬೇಕು. ಐದು ಕಿಲೋ ಚಾಪೆ ಕೊಡುವುದು ಅದರಲ್ಲಿ ಮುಕ್ಕಾಲು ಕಿಲೋವನ್ನೂ ಮುಟ್ಟುವುದಿಲ್ಲ. ಹೊಟ್ಟೆ ತುಂಬಿಸುವ ಕೆಲಸ ರಾಗಿ ಹುಲ್ಲಿನದೇ, ಹಿಂಡಿ ಬೂಸಾದ್ದೇ.

ಹಾಗಾದರೆ ಲಾಭವೆಲ್ಲಿ? ಮೊಳಕೆಯಲ್ಲಿ ಪಿಷ್ಟ ಸಕ್ಕರೆಯಾಗಿ ಒಡೆದಿರುತ್ತದೆ, ಜೀರ್ಣಕ್ಕೆ ಹಗುರ. ಹಸಿರಿನಿಂದ ಬರುವ ಎ ಜೀವಸತ್ವದ ಮೂಲವಸ್ತು ಒಣ ಹುಲ್ಲಿನಲ್ಲಿ ಸಿಗುವುದಿಲ್ಲ. ಬರೀ ಒಣ ಹುಲ್ಲು ನೋಡಿ ಮೂತಿ ತಿರುಗಿಸುವ ಹಸು, ಚಾಪೆಯನ್ನು ಹರಿದು ಹುಲ್ಲಿನೊಂದಿಗೆ ಬೆರೆಸಿ ಕೊಟ್ಟರೆ ಹುಲ್ಲನ್ನೂ ಚೆನ್ನಾಗಿ ತಿನ್ನುತ್ತದೆ. ಹಸಿ ಮೇವು ಎಲ್ಲೂ ಸಿಗದ ಮಾರ್ಚ್‌ನಿಂದ ಮೇ ವರೆಗಿನ ಮೂರು ತಿಂಗಳಿಗೆ ಇದು ಬೆಲೆಯುಳ್ಳ ಸಂಗತಿ. ನೇಪಿಯರ್ ಹುಲ್ಲಿಗೆ ಹತ್ತು ಗುಂಟೆಯಾದರೂ ನೀರಾವರಿ ಇರುವವರಿಗೆ ಇದರ ಗೊಡವೆ ಬೇಕಿಲ್ಲ. ಕಾಳಿನ ಬೆಲೆ ಕಿಲೋಗೆ 25 ರೂಪಾಯಿ ಎಂದು ಹಿಡಿದರೂ ಒಂದು ಕಿಲೋ ಚಾಪೆಗೆ ಬೀಜದ ಖರ್ಚೇ 5 ರೂಪಾಯಿ ಬೀಳುತ್ತದೆ. ಸ್ವಂತ ಹೊಲದ ನೇಪಿಯರ್ ಅದಕ್ಕಿಂತ ಎಷ್ಟೋ ಅಗ್ಗ.

ಈ ಕೆಲಸದಲ್ಲಿ ಸೋಲು ಬರುವುದು ಬೂಷ್ಟಿನ ರೂಪದಲ್ಲಿ. ನಾಲ್ಕನೇ ದಿನ ಕಾಳಿನ ನಡುವೆ ಹತ್ತಿಯಂಥ ಬಿಳಿ ಎಳೆ, ಐದನೇ ದಿನ ಹಸಿರುಕಪ್ಪು ಚುಕ್ಕೆ, ಮೂಗಿಗೆ ಹುಳಿ ವಾಸನೆ. ಅದು ಕಂಡ ಟ್ರೇಯನ್ನು ‘ಅಯ್ಯೋ ದಂಡವಾಯಿತಲ್ಲ’ ಎಂದು ಹಸುವಿಗೆ ಹಾಕಲೇಬಾರದು, ತಿಪ್ಪೆಗೆ ಹಾಕಬೇಕು. ಕೆಲವು ಬೂಷ್ಟುಗಳ ವಿಷ ಹಸುವಿನ ಈಲಿಗೆ (ಯಕೃತ್ತಿಗೆ) ತಗುಲುತ್ತದೆ, ಹಾಲಿಗೂ ಇಳಿಯುತ್ತದೆ. ಒಡೆದ ಕಾಳನ್ನು ಮೊದಲೇ ಆರಿಸಿ ತೆಗೆಯುವುದು, ತೇಲುವ ಜೊಳ್ಳನ್ನು ಚೆಲ್ಲುವುದು, ಟ್ರೇಯನ್ನು ಪ್ರತಿ ಸರದಿಗೂ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸುವುದು, ನೀರು ನಿಲ್ಲದಂತೆ ತೂತು ಬಿಡುವುದು, ಗಾಳಿ ಆಡುವಂತೆ ನೋಡಿಕೊಳ್ಳುವುದು, ಬೂಷ್ಟಿಗೆ ಮದ್ದೆಂದರೆ ಇಷ್ಟೇ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಬಿತ್ತನೆಗೆಂದು ಪೊಟ್ಟಣದಲ್ಲಿ ಬರುವ ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದನ್ನು ಮೇವಿಗೆ ಎಂದೂ ಬಳಸಬಾರದು. ಬೇಕಾದದ್ದು ಮೊಳಕೆ ಬರುವ, ಔಷಧ ಮುಟ್ಟದ ತಿನ್ನುವ ಮುಸುಕಿನ ಜೋಳ.

ಫಲ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಹೊಸ ಉಪಕರಣವೇನೂ ಬೇಡ. ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ ಸಂಜೆ ಕೊಡುವ ಚೀಟಿಯಲ್ಲೇ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಮೂರೂ ಇರುತ್ತವೆ. ಒಂದು ಹಸುವಿನ ಹಾಲನ್ನು ಮನೆಯಲ್ಲೇ ಬೇರೆಯಾಗಿ ಅಳೆದು, ಮೇವು ಶುರುಮಾಡುವ ಮೊದಲ ಎರಡು ವಾರದ ಅಂಕಿ, ಕೊಟ್ಟ ಮೂರು ವಾರದ ಅಂಕಿ, ನಿಲ್ಲಿಸಿದ ಮೇಲಿನ ಎರಡು ವಾರದ ಅಂಕಿ ಪಕ್ಕಪಕ್ಕ ಬರೆದರೆ ಸಾಕು. ನಿಲ್ಲಿಸಿ ನೋಡುವ ಆ ಕೊನೆಯ ಎರಡು ವಾರವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕರು ಹಾಕಿದ ದಿನ ಹತ್ತಿರವಿದ್ದರೆ ಹಾಲು ಹೇಗೂ ಏರುತ್ತದೆ. ಆ ಏರಿಕೆಯನ್ನು ಚಾಪೆಯ ಖಾತೆಗೆ ಬರೆದುಕೊಂಡರೆ ಮೋಸ ಹೋಗುವವರು ನಾವೇ.

ಮೇವಿನ ಟ್ರೇಗೆ ಬೇಕಾದದ್ದು ಬರೀ ನೀರು. ಸೊಪ್ಪು ತರಕಾರಿಯ ಜಲಕೃಷಿಗೆ ಹಾಗಲ್ಲ, ಅದಕ್ಕೆ ಗಿಡದ ಊಟವನ್ನೆಲ್ಲ ನೀರಿನಲ್ಲೇ ಕಲಸಿ ಕೊಡಬೇಕು. ಇಲ್ಲಿ ಸಣ್ಣ ರೈತನಿಗೆ ಹೇಳಿಮಾಡಿಸಿದಂಥ ದಾರಿಯೊಂದನ್ನು ತೋರಿದವರು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ. ಅವರ ಪದ್ಧತಿಯಲ್ಲಿ ಪಂಪಿಲ್ಲ, ಕರೆಂಟಿಲ್ಲ. ಒಂದು ಟಬ್, ಮೇಲೆ ಥರ್ಮಾಕೋಲ್ ಮುಚ್ಚಳ, ಮುಚ್ಚಳದ ತೂತುಗಳಲ್ಲಿ ಜಾಲರಿ ಕುಂಡ. ಶುರುವಿನಲ್ಲಿ ದ್ರಾವಣ ಕುಂಡದ ತಳವನ್ನು ಮುಟ್ಟುವಷ್ಟಿರುತ್ತದೆ. ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ, ನಡುವೆ ಗಾಳಿಯ ಜಾಗ ಬೆಳೆಯುತ್ತದೆ. ಮೇಲಿನ ಬೇರು ಆ ತೇವದ ಗಾಳಿಯಲ್ಲಿ ಉಸಿರಾಡುತ್ತದೆ, ಕೆಳಗಿನ ಬೇರು ಕುಡಿಯುತ್ತದೆ. ಲೆಟ್ಯೂಸ್ ಗಿಡವೊಂದು ಇಡೀ ಆಯಸ್ಸಿಗೆ ಕುಡಿಯುವುದು ನಾಲ್ಕು ಲೀಟರ್ ಆಸುಪಾಸು. ಒಮ್ಮೆ ತುಂಬಿಸಿಟ್ಟರೆ ಕೊಯ್ಲಿನವರೆಗೆ ಮತ್ತೆ ಮುಟ್ಟಬೇಕಿಲ್ಲ. ಇಳಿದ ಮಟ್ಟವನ್ನು ಕಂಡು ಗಾಬರಿಯಾಗಿ ಮೊದಲಿನಷ್ಟೇ ತುಂಬಿಸುವುದು ಹೊಸಬರ ತಪ್ಪು. ಗಾಳಿಗೆ ಒಗ್ಗಿದ ಬೇರು ಮುಳುಗಿದರೆ ಗಿಡ ಒಂದೆರಡು ದಿನದಲ್ಲಿ ಸೊರಗುತ್ತದೆ.

ಟಬ್ಬಿನ ಮುಚ್ಚಳವನ್ನು ವಾರಕ್ಕೊಮ್ಮೆ ಎತ್ತಿ ನೋಡುವುದು ಅಭ್ಯಾಸವಾಗಬೇಕು. ಆರೋಗ್ಯದ ಬೇರು ಹೂ ಕಟ್ಟುವ ನೂಲಿನ ಲಡಿಯಂತೆ ಬೆಳ್ಳಗೆ, ಗರಿಗರಿಯಾಗಿ ಇಳಿಬಿದ್ದಿರುತ್ತದೆ. ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆಯಾಗಿ, ಚರಂಡಿಯ ವಾಸನೆ ಬಂದರೆ ಬೇರು ಕೊಳೆಯುತ್ತಿದೆ ಎಂದರ್ಥ. ಕಾರಣ ಹೆಚ್ಚಾಗಿ ಬಿಸಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಪಿಥಿಯಂ ಎಂಬ ರೋಗಾಣುವಿಗೆ ಅದೇ ಹಬ್ಬ. ಇಪ್ಪತ್ತು ಡಿಗ್ರಿಯ ಆಜುಬಾಜಿನ ನೀರು ಸೊಪ್ಪಿಗೆ ಹಿತ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಟಬ್ಬಿನ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಹೊಂಗೆ ಮರದ ನೆರಳು, ಟಬ್ಬಿಗೆ ಸುತ್ತಿದ ಒದ್ದೆ ಗೋಣಿ, ಅಥವಾ ನೆಲದಲ್ಲಿ ಅರ್ಧ ಹೂತಿಟ್ಟ ಟಬ್ಬು ತಕ್ಕಮಟ್ಟಿಗೆ ನೆರವಾಗುತ್ತವೆ. ಅದಕ್ಕಿಂತ ಬುದ್ಧಿವಂತಿಕೆಯೆಂದರೆ ಬಯಲುಸೀಮೆಯವರು ಕಾರ್ತಿಕದಿಂದ ಮಾಘದವರೆಗೆ ಮಾತ್ರ ಸೊಪ್ಪಿನ ಟಬ್ ಇಟ್ಟುಕೊಳ್ಳುವುದು. ಮುಚ್ಚಳದ ತೂತುಗಳನ್ನು ತೆರೆದಿಡಬಾರದು. ನಿಂತ ನೀರಿಗೆ ಸೊಳ್ಳೆ ಬಂದರೆ ಸೊಪ್ಪಿನ ಜೊತೆ ಡೆಂಗಿಯನ್ನೂ ಬೆಳೆದಂತೆ.

ಯಾವ ಸೊಪ್ಪು? ಲೆಟ್ಯೂಸ್ ಈ ಪದ್ಧತಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ, ಆದರೆ ಮಾಲೂರಿನ ಸಂತೆಯಲ್ಲಿ ಅದನ್ನು ಕೊಳ್ಳುವವರು ಎಷ್ಟು ಜನ? ಬೆಂಗಳೂರಿನ ಹೋಟೆಲಿಗೆ ವಾರಕ್ಕೆ ಹತ್ತು ಕಿಲೋ ಕಳಿಸಲು ಹೋದರೆ ಪೆಟ್ರೋಲಿಗೇ ಹಣ ಸಾಲದು. ಮನೆ ಬಳಕೆಗಾದರೆ ಪುದೀನ, ಕೊತ್ತಂಬರಿ, ದಂಟು, ಬಸಳೆ ಮೊದಲು ಮಾಡಿ ನೋಡಬಹುದು. ಗದ್ದೆ ಬದುವಿನ ಜೌಗಿನಲ್ಲಿ ತಾನಾಗಿ ಹಬ್ಬುವ ಒಂದೆಲಗ ನೀರಿಗೆ ಹುಟ್ಟಿನಿಂದಲೇ ಒಗ್ಗಿದ ಸಸ್ಯ. ಮಲೆನಾಡು, ಕರಾವಳಿಯವರು ಅದನ್ನು ಮರೆಯಬಾರದು.

ದ್ರಾವಣದ ವಿಷಯದಲ್ಲಿ ಹನಿ ನೀರಾವರಿ ಇರುವ ರೈತ ಅರ್ಧ ಪಂಡಿತ. ವಿಜಯಪುರದ ದ್ರಾಕ್ಷಿ ಬೆಳೆಗಾರ, ಕೋಲಾರದ ಟೊಮೆಟೊ ಬೆಳೆಗಾರ ಗೊಬ್ಬರವನ್ನು ನೀರಿಗೆ ಎಳೆದುಕೊಡುವ ವೆಂಚುರಿಯ ಮೂಲಕ 19:19:19, 13:0:45, ಕ್ಯಾಲ್ಸಿಯಂ ನೈಟ್ರೇಟ್‌ನಂಥ ಕರಗುವ ಗೊಬ್ಬರ ಬಿಡುವುದನ್ನು ಬಹಳ ದಿನಗಳಿಂದ ಮಾಡುತ್ತಿದ್ದಾರೆ. ಜಲಕೃಷಿಯ ಊಟವೂ ಇದೇ ಅಂಗಡಿಯ ಸಾಮಾನು, ಜೊತೆಗೆ ಮೆಗ್ನೀಷಿಯಂ ಸಲ್ಫೇಟ್ ಮತ್ತು ಲಘು ಪೋಷಕಾಂಶ. ಎರಡು ನಿಯಮ ಮಾತ್ರ ತಪ್ಪಬಾರದು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್, ಫಾಸ್ಫೇಟ್‌ಗಳ ಜೊತೆ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಸುಣ್ಣದಂತೆ ಬಿಳಿಯ ಗಸಿ ಕೂತು ಎರಡೂ ವ್ಯರ್ಥವಾಗುತ್ತವೆ. ಅದಕ್ಕೇ ಎ ಡಬ್ಬ, ಬಿ ಡಬ್ಬ ಎಂದು ಬೇರೆ ಇಟ್ಟು, ನೀರು ತುಂಬಿದ ಟಬ್ಬಿಗೆ ಒಂದಾದ ಮೇಲೆ ಒಂದನ್ನು ಹಾಕುತ್ತಾರೆ. ಎರಡನೆಯದು ಯೂರಿಯಾ. ಅದನ್ನು ಗಿಡ ತಿನ್ನುವ ರೂಪಕ್ಕೆ ಮುರಿದು ಕೊಡುವವು ಮಣ್ಣಿನ ಸೂಕ್ಷ್ಮಜೀವಿಗಳು. ಟಬ್ಬಿನಲ್ಲಿ ಅವುಗಳ ಬಳಗ ಇಲ್ಲ, ಆದ್ದರಿಂದ ಇಲ್ಲಿ ಯೂರಿಯಾ ಬೇಡ. ಇಷ್ಟೆಲ್ಲ ಕಲಸುವ ತೊಂದರೆ ಬೇಡವೆನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಸಸ್ಯ ಪೋಷಕ ರಸ’ ಎಂಬ ಎರಡು ಭಾಗದ ಸಿದ್ಧ ದ್ರವವನ್ನು ರೂಪಿಸಿದೆ. ಹುದುಗಿಸಿದ ಕೋಕೋಪಿಟ್ ಕೂಡ ಅಲ್ಲಿಯದೇ ತಂತ್ರ. ತಿಪಟೂರಿನ ನಾರಿನ ಪುಡಿಯನ್ನು ಹಾಗೇ ತಂದು ಬಳಸಿದರೆ ಅದರಲ್ಲಿರುವ ಉಪ್ಪಿನಂಶ ಎಳೆ ಬೇರನ್ನು ಸುಡುತ್ತದೆ, ತೊಳೆದು ಹದಮಾಡಿಯೇ ಬಳಸಬೇಕು.

ಬೋರ್‌ವೆಲ್ ನೀರೇ ಬಯಲುಸೀಮೆಯ ದೊಡ್ಡ ತೊಡಕು. ಸೊಪ್ಪಿಗೆ ದ್ರಾವಣದ ಪಿಎಚ್ 5.5ರಿಂದ 6.5ರ ಒಳಗಿರಬೇಕು. ಆಳದ ಬೋರ್‌ವೆಲ್‌ಗಳ ಗಡಸು ನೀರು ಸಾಮಾನ್ಯವಾಗಿ ಇದಕ್ಕಿಂತ ಮೇಲಿರುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಅದು. ಅಂಥ ನೀರಿನಲ್ಲಿ ಕಬ್ಬಿಣ ಇದ್ದೂ ಗಿಡಕ್ಕೆ ದಕ್ಕುವುದಿಲ್ಲ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣವಿರಬಹುದು. ಫಾಸ್ಫಾರಿಕ್ ಆಮ್ಲ ಹನಿಸಿ ಸರಿಪಡಿಸುತ್ತಾರೆ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಎಲ್ಲಕ್ಕಿಂತ ಒಳ್ಳೆಯದು ಮಾಡಿನ ಮೇಲೆ ಬಿದ್ದ ಮಳೆನೀರು, ಅದರಲ್ಲಿ ಲವಣವೇ ಇಲ್ಲವೆನ್ನಬಹುದು. ಎರಡು ಟಬ್ಬಿಗೆ ಬೇಕಾದದ್ದು ಎರಡು ಡ್ರಮ್ಮು ಮಳೆನೀರು, ಒಂದು ಒಳ್ಳೆಯ ಹದಮಳೆಯಲ್ಲಿ ತುಂಬುತ್ತದೆ.

ಪಂಪು ಇಟ್ಟು ಪೈಪಿನಲ್ಲಿ ತೆಳುವಾಗಿ ದ್ರಾವಣ ಹರಿಸುವ ಪದ್ಧತಿಯನ್ನು ಇಂಗ್ಲೆಂಡಿನ ಅಲನ್ ಕೂಪರ್ ರೂಪಿಸಿದರು. ಚಿತ್ರಗಳಲ್ಲಿ ಅತ್ಯಂತ ಚೆಂದ ಕಾಣುವುದು ಅದೇ. ಹದಿನೆಂಟು ವಾಟ್‌ನ ಸಣ್ಣ ಪಂಪು ದಿನವಿಡೀ ಓಡಿದರೂ ತಿಂಗಳಿಗೆ 13 ಯೂನಿಟ್ ಮಾತ್ರ, ಖರ್ಚು ದೊಡ್ಡದಲ್ಲ. ಕರೆಂಟು ಹೋದಾಗ ಏನು ಎಂಬುದು ಪ್ರಶ್ನೆ. ಮಣ್ಣಿನಲ್ಲಿರುವ ಗಿಡ ಎರಡು ದಿನ ನೀರಿಲ್ಲದೆ ತಾಳಿಕೊಳ್ಳುತ್ತದೆ. ಪೈಪಿನಲ್ಲಿರುವ ಗಿಡಕ್ಕೆ ಬೇಸಿಗೆಯ ಮಧ್ಯಾಹ್ನ ಕೆಲವೇ ತಾಸು ಸಾಕು, ತಲೆ ಬಾಗಿಸುತ್ತದೆ. ಕಂಬದ ಮೇಲಿನ ಫ್ಯೂಸು ಹೋದರೆ ಲೈನ್‌ಮನ್ ಬರುವುದು ಮರುದಿನ ಎಂಬ ಊರುಗಳಲ್ಲಿ ಮೊದಲ ಪ್ರಯೋಗಕ್ಕೆ ಪೈಪಿನ ಪದ್ಧತಿ ಆರಿಸಬಾರದು.

ಅಮೆರಿಕದ ಅರಿಜೋನಾ ರಾಜ್ಯದ ಸಂಶೋಧಕರು 2015ರಲ್ಲಿ ಲೆಟ್ಯೂಸ್ ಬೆಳೆಯುವ ಹೊಲ, ಹೈಡ್ರೋಪೋನಿಕ್ಸ್ ಎರಡೂ ದಾರಿಗಳ ಲೆಕ್ಕ ಹಾಕಿದರು. ಒಂದು ಚದರ ಮೀಟರಿಗೆ ವರ್ಷಕ್ಕೆ ಹೊಲದಲ್ಲಿ 3.9 ಕಿಲೋ, ಹೈಡ್ರೋಪೋನಿಕ್ಸ್‌ನಲ್ಲಿ 41 ಕಿಲೋ. ಕಿಲೋಗೆ ನೀರು ಹೊಲದಲ್ಲಿ 250 ಲೀಟರ್, ಇಲ್ಲಿ 20 ಲೀಟರ್. ಜಾಹೀರಾತುಗಳು ಓದುವುದು ಇಲ್ಲಿಯವರೆಗೆ. ಮುಂದಿನ ಸಾಲೂ ಇದೆ: ಶಕ್ತಿಯ ಬಳಕೆ ಕಿಲೋಗೆ ಹೊಲದಲ್ಲಿ 1,100 ಕಿಲೋಜೂಲ್, ಹೈಡ್ರೋಪೋನಿಕ್ಸ್‌ನಲ್ಲಿ 90,000. ನಮ್ಮ ಮೀಟರಿನ ಭಾಷೆಯಲ್ಲಿ ಒಂದು ಕಿಲೋ ಸೊಪ್ಪಿಗೆ 25 ಯೂನಿಟ್. ಅದರಲ್ಲಿ ಹೆಚ್ಚಿನ ಪಾಲು ಹಸಿರುಮನೆಯನ್ನು ಕಾಯಿಸಿ ತಂಪಾಗಿಸುವುದಕ್ಕೆ ಹೋಗುತ್ತದೆ. ಆ ಯಂತ್ರಗಳನ್ನು ಬಿಟ್ಟು ಹವೆಗೆ ತಕ್ಕಂತೆ ಬೆಳೆದರೆ ನೀರಿನ ಉಳಿತಾಯ ಉಳಿಯುತ್ತದೆ, ಶಕ್ತಿಯ ಹೊರೆ ಇಳಿಯುತ್ತದೆ, ಇಳುವರಿಯೂ ಇಳಿಯುತ್ತದೆ. ಸಣ್ಣ ಜಮೀನಿಗೆ ಹೊಂದುವ ಕೊಡುಕೊಳ್ಳುವಿಕೆ ಇದು.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಹೈಡ್ರೋಪೋನಿಕ್ಸ್ ಸೊಪ್ಪನ್ನು ‘ರಾಸಾಯನಿಕಮುಕ್ತ’ ಎಂದು ಮಾರುವುದು ತಪ್ಪು. ಮಣ್ಣಿಲ್ಲದ್ದರಿಂದ ಕೀಟನಾಶಕ ಕಡಿಮೆ ಸಾಲಬಹುದು, ಆದರೆ ಆ ಗಿಡ ಉಂಡದ್ದೆಲ್ಲ ರಸಗೊಬ್ಬರದ ಲವಣವೇ. ಯುರೋಪಿನ ಸಾವಯವ ಕಾನೂನು ಇದಕ್ಕೆ ಸಾವಯವ ಮುದ್ರೆ ಕೊಡುವುದಿಲ್ಲ. ಅಮೆರಿಕದಲ್ಲಿ ಕೊಡುತ್ತಾರೆ, ಅದರ ಮೇಲೆ ಅಲ್ಲಿನ ಸಾವಯವ ರೈತರು ಕೋರ್ಟಿಗೂ ಹೋಗಿದ್ದರು. ಗೊಬ್ಬರದ ಗುಂಡಿ, ಕಾಳಿನ ಬೆಳೆ, ಹಸುವಿನ ಸಗಣಿಯಿಂದ ಮಣ್ಣು ಕಟ್ಟಿದ ರೈತನ ಸೊಪ್ಪಿಗೂ ಟಬ್ಬಿನ ಸೊಪ್ಪಿಗೂ ಒಂದೇ ಹೆಸರಿಡುವುದು ಆ ರೈತನಿಗೆ ಮಾಡುವ ಅನ್ಯಾಯ.

ಹಳೆಯ ಜಮೀನಿಗೆ ಇದನ್ನು ತರುವುದರಲ್ಲಿ ನಗರದ ಪಾಲಿಹೌಸಿಗಿಲ್ಲದ ಅನುಕೂಲವೂ ಉಂಟು. ಬಳಸಿ ಬಿಟ್ಟ ದ್ರಾವಣವನ್ನು ಎಲ್ಲಿ ಚೆಲ್ಲುವುದು ಎಂಬುದು ನಗರದ ಘಟಕಕ್ಕೆ ತಲೆನೋವು. ಹಳ್ಳಿಯಲ್ಲಿ ಅದನ್ನು ನೀರು ಬೆರೆಸಿ ತೆಂಗಿನ ಬುಡಕ್ಕೋ ಬಾಳೆಗೋ ಹಾಕಿದರೆ ಮುಗಿಯಿತು. ಟ್ರೇ ತೊಳೆದ ನೀರು ಕರಿಬೇವಿಗೆ, ಹಾಳಾದ ಚಾಪೆ ತಿಪ್ಪೆಗೆ, ತಿಪ್ಪೆಯ ಗೊಬ್ಬರ ರಾಗಿಗೆ. ಪ್ರಯೋಗ ಕೆಟ್ಟರೂ ಅದರ ಅವಶೇಷ ಜಮೀನಿನಲ್ಲೇ ಕರಗುತ್ತದೆ. ತಪ್ಪಿದ ಅಳತೆಯನ್ನು ಮಣ್ಣು ಹೇಗೆ ತಾಳಿಕೊಂಡು ಸರಿದೂಗಿಸುತ್ತದೆ ಎಂಬುದು ಟಬ್ಬಿನ ಮುಂದೆ ಒಂದು ತಿಂಗಳು ಕುಳಿತವರಿಗೆ ಮೊದಲಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಮಾಡಿ ನೋಡುವ ಮನಸ್ಸಿರುವವರು ಸಂಕ್ರಾಂತಿ ಮುಗಿದ ವಾರ ಶುರುಮಾಡಲಿ. ಬಿಸಿಲು ಇನ್ನೂ ಏರಿರುವುದಿಲ್ಲ, ಹಸಿ ಮೇವು ಕಡಿಮೆಯಾಗುತ್ತಾ ಬರುತ್ತದೆ. ಅದಕ್ಕೆ ಮೊದಲು ಒಂದು ಬಾಟಲಿ ನೀರು ತುಂಬಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಪರೀಕ್ಷೆ ಮಾಡಿಸುವ ದಾರಿ ಕೇಳಿ. ತುಮಕೂರು ಕಡೆಯವರಿಗೆ ಹಿರೇಹಳ್ಳಿಯ ಕೇಂದ್ರ ಹತ್ತಿರ, ಅದನ್ನು ನಡೆಸುವುದು ಹೆಸರಘಟ್ಟದ ಸಂಸ್ಥೆಯೇ. ಹದಿನಾರು ಟ್ರೇ ಒಮ್ಮೆಗೇ ಬೇಡ, ನಾಲ್ಕು ಟ್ರೇ ಮತ್ತು ಒಂದು ಟಬ್ ಸಾಕು. ತಕ್ಕಡಿ, ನೋಟ್‌ಬುಕ್, ಡೇರಿ ಚೀಟಿ ಮೂರನ್ನೂ ಒಂದೇ ಕಡೆ ಇಟ್ಟುಕೊಳ್ಳಿ. ಶಿವರಾತ್ರಿಯ ಹೊತ್ತಿಗೆ ನಾಲ್ಕೈದು ಸರದಿಯ ಅಂಕಿ ಕೈಯಲ್ಲಿರುತ್ತದೆ, ಹೆಚ್ಚಿಸಬೇಕೋ ನಿಲ್ಲಿಸಬೇಕೋ ಎಂದು ಯುಗಾದಿಗೆ ಮೊದಲೇ ತೀರ್ಮಾನಿಸಬಹುದು. ನಿಲ್ಲಿಸಿದರೂ ಆ ಟ್ರೇಗಳಲ್ಲಿ ಕೋಕೋಪಿಟ್ ತುಂಬಿ ಮುಂಗಾರಿನ ಮೆಣಸಿನ ಸಸಿ ಮಾಡಿಕೊಳ್ಳಬಹುದು, ಟಬ್ಬು ಹಿಂಡಿ ನೆನೆಹಾಕಲು ಕೊಟ್ಟಿಗೆಗೆ ಬರುತ್ತದೆ.